ಗಾಳಿ, ಇಂಧನ, ವ್ಯಾಪಾರ: ಅಮೆರಿಕದ ಡೀಸೆಲ್ ಪಿಕಪ್ ಕಲಿಸುವ ಪಾಠ

ವಾಹನ ಬಿಡಿಭಾಗಗಳ ಉದ್ದಿಮೆಯಲ್ಲಿ ಎರಡು ದಾರಿಗಳಿವೆ. ಸವೆದುಹೋದ ಭಾಗಕ್ಕೆ ಬದಲಾಗಿ ಅದೇ ಅಳತೆಯ ಮತ್ತೊಂದು ಭಾಗವನ್ನು ಒದಗಿಸುವುದು ಮೊದಲನೆಯದು. ಮೂಲ ತಯಾರಕರು ಕೊಟ್ಟ ಭಾಗಕ್ಕಿಂತ ಮೇಲಾದುದನ್ನು ತಯಾರಿಸಿ ಮಾರುವುದು ಎರಡನೆಯದು. ಮೊದಲನೆಯ ದಾರಿಯಲ್ಲಿ ಪೈಪೋಟಿ ನಡೆಯುವುದು ಬಹುಮಟ್ಟಿಗೆ ಬೆಲೆಯ ಮೇಲೆ. ಎರಡನೆಯದರಲ್ಲಿ ತಿಳಿವಳಿಕೆಯ ಮೇಲೆ. ಈ ಎರಡನೆಯ ದಾರಿಯಲ್ಲಿ ಸಣ್ಣ ಉದ್ಯಮಿಗಳು ಎಷ್ಟು ದೂರ ಸಾಗಬಲ್ಲರು, ಎಲ್ಲಿ ಎಡವಬಲ್ಲರು ಎಂಬುದನ್ನು ಅರಿಯಲು ಅಮೆರಿಕದ ಟರ್ಬೊ ಡೀಸೆಲ್ ಪಿಕಪ್ ಟ್ರಕ್ಕಿನ ಇತಿಹಾಸಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಈ ಪಿಕಪ್‌ಗಳ ಟರ್ಬೊ ಹಾಗೂ ಇಂಧನ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸುವ ಕೆಲಸ ಆ ದೇಶದಲ್ಲಿ ಕಳೆದ ಮೂರೂವರೆ ದಶಕಗಳಲ್ಲಿ ಒಂದು ಪ್ರತ್ಯೇಕ ಉದ್ದಿಮೆಯಾಗಿಯೇ ಬೆಳೆದಿದೆ. ಹತ್ತು ಹದಿನೈದು ಕೆಲಸಗಾರರ ಸಣ್ಣ ವರ್ಕ್‌ಶಾಪುಗಳಿಂದ ಹಿಡಿದು ದೇಶವ್ಯಾಪಿ ಮಾರಾಟ ಜಾಲವುಳ್ಳ ಸಂಸ್ಥೆಗಳವರೆಗೆ ಅದರಲ್ಲಿ ಪಾಲುದಾರರಿದ್ದಾರೆ. ಅವರಲ್ಲಿ ಉಳಿದವರು ಯಾರು, ಅಳಿದವರು ಯಾರು ಎಂಬ ವಿಚಾರಣೆ ನಮ್ಮ ಉದ್ಯಮಿಗಳಿಗೂ ಪ್ರಯೋಜನಕಾರಿ.

1989ರ ಒಂದು ಎಂಜಿನ್

ಎಂಜಿನ್ನು ಹೊರಗೆ ಚೆಲ್ಲುವ ಬಿಸಿ ಹೊಗೆಯ ಶಕ್ತಿಯಿಂದಲೇ ಒಂದು ಟರ್ಬೈನನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಕಂಪ್ರೆಸರಿನಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಹಡಗು, ರೈಲು ಮತ್ತು ಭಾರಿ ಲಾರಿಗಳಲ್ಲಿ ನೆಲೆಗೊಂಡ ಈ ತಂತ್ರ ಅಮೆರಿಕದ ಪಿಕಪ್ ಮಾರುಕಟ್ಟೆಯಲ್ಲಿ ನಿಜವಾದ ಸಂಚಲನ ಉಂಟುಮಾಡಿದ್ದು 1989ರ ಮಾದರಿಯ ಡಾಡ್ಜ್ ರ್‍ಯಾಮ್ ಬಂದಾಗ. ಇಂಡಿಯಾನಾ ರಾಜ್ಯದ ಕೊಲಂಬಸ್ ನಗರದ ಕಮಿನ್ಸ್ ಸಂಸ್ಥೆ ತಯಾರಿಸಿದ 5.9 ಲೀಟರ್ ಗಾತ್ರದ, ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳುಳ್ಳ ಡೀಸೆಲ್ ಎಂಜಿನ್ನು ಅದರಲ್ಲಿತ್ತು. ಅದು ಮೂಲತಃ ಮಧ್ಯಮ ಗಾತ್ರದ ಟ್ರಕ್ಕುಗಳಿಗೂ ಕೈಗಾರಿಕಾ ಯಂತ್ರಗಳಿಗೂ ರೂಪಿಸಿದ ಬಿ ಸರಣಿಯ ಎಂಜಿನ್. ಅದರ ಶಕ್ತಿ 160 ಅಶ್ವಶಕ್ತಿ ಮಾತ್ರ. ಆದರೆ ಟಾರ್ಕ್ 400 ಪೌಂಡು-ಅಡಿ, ಅಂದರೆ ಸುಮಾರು 540 ನ್ಯೂಟನ್-ಮೀಟರ್. ಭಾರ ಎಳೆಯುವ ರೈತನಿಗೂ ಗುತ್ತಿಗೆದಾರನಿಗೂ ಬೇಕಾಗಿದ್ದುದು ಅದೇ.

ಫೋರ್ಡ್ ಸಂಸ್ಥೆ 1994ರಲ್ಲಿ ನ್ಯಾವಿಸ್ಟಾರ್ ತಯಾರಿಸಿದ 7.3 ಲೀಟರಿನ ಪವರ್ ಸ್ಟ್ರೋಕ್ ಎಂಜಿನನ್ನೂ, ಜನರಲ್ ಮೋಟರ್ಸ್ 2001ರ ಮಾದರಿಯಲ್ಲಿ ಇಸುಜು ಜತೆಗೂಡಿ ರೂಪಿಸಿದ 6.6 ಲೀಟರಿನ ಡ್ಯುರಾಮ್ಯಾಕ್ಸ್ ಎಂಜಿನನ್ನೂ ತಂದವು. ಮೂರು ಪಾಳೆಯಗಳು ಸಿದ್ಧವಾದವು. ಮೂಲ ತಯಾರಕರ ನಡುವೆ ಅಶ್ವಶಕ್ತಿಯ ಪೈಪೋಟಿ ಆರಂಭವಾದಂತೆ, ಅವರು ಕೊಟ್ಟದ್ದಕ್ಕಿಂತ ಇನ್ನಷ್ಟು ಶಕ್ತಿ ಬೇಕೆನ್ನುವ ಗ್ರಾಹಕರೂ, ಅದನ್ನು ಒದಗಿಸುತ್ತೇವೆನ್ನುವ ಸಣ್ಣ ತಯಾರಕರೂ ಹುಟ್ಟಿಕೊಂಡರು.

ಲೆಕ್ಕವಿಲ್ಲದೆ ಶಕ್ತಿಯಿಲ್ಲ

ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿಯನ್ನು ಹೆಚ್ಚಿಸುವುದು ಮೇಲ್ನೋಟಕ್ಕೆ ಬಹಳ ಸುಲಭ. ಪೆಟ್ರೋಲ್ ಎಂಜಿನ್ನಿನಂತೆ ಗಾಳಿ ಮತ್ತು ಇಂಧನದ ಪ್ರಮಾಣವನ್ನು ಒಂದೇ ಬಿಂದುವಿನಲ್ಲಿ ಹಿಡಿದಿಡಬೇಕಾದ ಕಟ್ಟುಪಾಡು ಇಲ್ಲಿಲ್ಲ. ಹೆಚ್ಚು ಡೀಸೆಲ್ ಚಿಮ್ಮಿಸಿದರೆ ಹೆಚ್ಚು ಶಕ್ತಿ ಬರುತ್ತದೆ. ಈ ಸುಲಭವೇ ಅಪಾಯದ ಮೂಲ. ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಆದರೆ ಸಿಲಿಂಡರಿನೊಳಗೆ ಇಂಧನದ ಹನಿಗಳು ಗಾಳಿಯೊಂದಿಗೆ ಬೆರೆಯಲು ಸಿಗುವ ಅವಕಾಶ ಅತ್ಯಲ್ಪವಾದುದರಿಂದ, ಹೊಗೆಯಿಲ್ಲದೆ ಉರಿಯಬೇಕಾದರೆ ಹದಿನೆಂಟು ಇಪ್ಪತ್ತು ಕಿಲೋ ಗಾಳಿಯಾದರೂ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಕಪ್ಪು ಹೊಗೆ ಏಳುತ್ತದೆ. ಹೊಗೆಯ ಶಾಖ ಏರುತ್ತದೆ. ಕೊನೆಗೆ ಅಲ್ಯೂಮಿನಿಯಮ್ ಪಿಸ್ಟನ್ನು ಕರಗುವ ಹಂತ ತಲುಪುತ್ತದೆ.

ಮೇಲೆ ಹೇಳಿದ 5.9 ಲೀಟರಿನ ಎಂಜಿನನ್ನೇ ಸ್ಥೂಲವಾದ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ನಿಮಿಷಕ್ಕೆ 2500 ಸುತ್ತುಗಳಲ್ಲಿ, ಟರ್ಬೊ ಇಲ್ಲದೆ, ಅದು ಒಳಗೆಳೆಯುವ ಗಾಳಿ ನಿಮಿಷಕ್ಕೆ ಎಂಟು ಕಿಲೋದಷ್ಟು. ಟರ್ಬೊ ಗಾಳಿಯ ಒತ್ತಡವನ್ನು ವಾತಾವರಣದ ಎರಡು ಪಟ್ಟಿಗೆ ಏರಿಸಿ, ಇಂಟರ್‌ಕೂಲರ್ ಅದನ್ನು ತಂಪುಗೊಳಿಸಿದರೆ, ಈ ಪ್ರಮಾಣ ಹದಿನಾಲ್ಕು ಕಿಲೋದ ಸಮೀಪಕ್ಕೆ ಬರುತ್ತದೆ. ಇಪ್ಪತ್ತಕ್ಕೆ ಒಂದರಂತೆ ಇಂಧನ ಕೊಟ್ಟರೆ ಗಂಟೆಗೆ ಸುಮಾರು 41 ಕಿಲೋ ಡೀಸೆಲ್. ಒಂದು ಕಿಲೋವ್ಯಾಟ್ ಶಕ್ತಿಗೆ ಗಂಟೆಗೆ 220 ಗ್ರಾಂ ಡೀಸೆಲ್ ಬೇಕೆಂದು ಹಿಡಿದರೆ ಸಿಗುವ ಶಕ್ತಿ 250 ಅಶ್ವಶಕ್ತಿ.

ಈಗ ಗ್ರಾಹಕರೊಬ್ಬರು 400 ಅಶ್ವಶಕ್ತಿ ಕೇಳಿದರೆನ್ನೋಣ. ಇಂಧನ ಗಂಟೆಗೆ 65 ಕಿಲೋ ದಾಟಬೇಕು. ಗಾಳಿ ನಿಮಿಷಕ್ಕೆ ಇಪ್ಪತ್ತೆರಡು ಕಿಲೋದ ಹತ್ತಿರ ಬೇಕು. ಅದಕ್ಕೆ ಒತ್ತಡ ವಾತಾವರಣದ ಮೂರು ಪಟ್ಟನ್ನೂ ಮೀರಬೇಕು. ಕಾರ್ಖಾನೆಯಿಂದ ಬಂದ ಚಿಕ್ಕ ಟರ್ಬೊ ಅಷ್ಟು ಗಾಳಿಯನ್ನು ಒದಗಿಸಲು ಹೋದಾಗ ತನ್ನ ಮಿತಿಯ ಅಂಚಿಗೆ ಬರುತ್ತದೆ. ಗಾಳಿಯನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಅದನ್ನು ಕಾಯಿಸುತ್ತದೆ. ಆದ್ದರಿಂದ ಇಂಧನವನ್ನು ಮಾತ್ರ ಹೆಚ್ಚಿಸಿ ಟರ್ಬೊ ಮುಟ್ಟದಿದ್ದರೆ ಸಿಗುವುದು ಹೊಗೆ ಮತ್ತು ಶಾಖ. ಟರ್ಬೊ ಮಾತ್ರ ಬದಲಿಸಿ ಇಂಧನ ಹೆಚ್ಚಿಸದಿದ್ದರೆ ಸಿಗುವುದು ಖರ್ಚು. ಈ ಸಮತೋಲವನ್ನು ಗ್ರಾಹಕನಿಗೆ ತಿಳಿಸಿ ಹೇಳಬಲ್ಲವನೇ ಈ ವ್ಯಾಪಾರದಲ್ಲಿ ನಿಂತ ವ್ಯಾಪಾರಿ.

ಟರ್ಬೊ: ದೊಡ್ಡದೆಲ್ಲ ಒಳ್ಳೆಯದಲ್ಲ

ಟರ್ಬೊ ಬದಲಿಸುವಾಗ ಮೊದಲು ಬರುವ ಆಸೆ ದೊಡ್ಡದನ್ನು ಕೂರಿಸುವುದು. ಆದರೆ ದೊಡ್ಡ ಟರ್ಬೊ ತಿರುಗತೊಡಗಲು ಹೆಚ್ಚು ಹೊಗೆ ಬೇಕು. ಭಾರ ತುಂಬಿದ ಟ್ರೇಲರಿನೊಂದಿಗೆ ಏರು ಹತ್ತುವಾಗ, ಎಂಜಿನ್ನು ಕಡಿಮೆ ಸುತ್ತಿನಲ್ಲಿರುವ ವೇಳೆ, ಅದು ಗಾಳಿಯನ್ನೇ ಕೊಡದೆ ಹಿಂದುಳಿಯುತ್ತದೆ. ಚಿಕ್ಕ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ, ಆದರೆ ಮೇಲಿನ ಸುತ್ತುಗಳಲ್ಲಿ ಉಸಿರು ಕಟ್ಟಿಸುತ್ತದೆ. ಪ್ರತಿಯೊಂದು ಕಂಪ್ರೆಸರಿಗೂ ಎಷ್ಟು ಗಾಳಿಯಲ್ಲಿ, ಎಷ್ಟು ಒತ್ತಡದಲ್ಲಿ ಅದು ದಕ್ಷವಾಗಿ ದುಡಿಯುತ್ತದೆ ಎಂಬುದನ್ನು ತೋರಿಸುವ ನಕ್ಷೆಯೊಂದಿರುತ್ತದೆ. ಆ ನಕ್ಷೆಯನ್ನು ಓದಬಲ್ಲವರು ಟರ್ಬೊವನ್ನು ಆರಿಸುತ್ತಾರೆ. ಓದಲಾರದವರು ಗಾತ್ರವನ್ನು ಆರಿಸುತ್ತಾರೆ.

ಈ ಇಕ್ಕಟ್ಟಿಗೆ ಕಂಡುಕೊಂಡ ಒಂದು ಪರಿಹಾರ ಎರಡು ಟರ್ಬೊಗಳನ್ನು ಸರಣಿಯಲ್ಲಿ ಜೋಡಿಸುವುದು. ಹೊರಗಿನ ಗಾಳಿಯನ್ನು ಮೊದಲು ದೊಡ್ಡದು ಒತ್ತಿ ಚಿಕ್ಕದರ ಬಾಯಿಗೆ ಕೊಡುತ್ತದೆ. ಚಿಕ್ಕದು ಅದನ್ನು ಮತ್ತೊಮ್ಮೆ ಒತ್ತಿ ಎಂಜಿನ್ನಿಗೆ ಕಳುಹಿಸುತ್ತದೆ. ಹೊಗೆ ಮಾತ್ರ ತದ್ವಿರುದ್ಧ ಕ್ರಮದಲ್ಲಿ, ಮೊದಲು ಚಿಕ್ಕದರ ಮೂಲಕ, ಅನಂತರ ದೊಡ್ಡದರ ಮೂಲಕ ಹೊರಬೀಳುತ್ತದೆ. ಇಲ್ಲಿ ಒತ್ತಡದ ಪ್ರಮಾಣಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಒಂದು 1.8 ಪಟ್ಟು, ಇನ್ನೊಂದು 2.2 ಪಟ್ಟು ಒತ್ತಿದರೆ ಒಟ್ಟು ಒತ್ತಡ ಸುಮಾರು ನಾಲ್ಕು ಪಟ್ಟು. ಎರಡೂ ಟರ್ಬೊಗಳು ತಮ್ಮ ತಮ್ಮ ಹಿತವಾದ ವ್ಯಾಪ್ತಿಯಲ್ಲಿಯೇ ದುಡಿಯುವುದರಿಂದ ಶಾಖವೂ ಹತೋಟಿಯಲ್ಲಿರುತ್ತದೆ.

ಇನ್ನೊಂದು ಪರಿಹಾರ ಮೂಲ ತಯಾರಕರಿಂದಲೇ ಬಂದಿತು. ಟರ್ಬೈನಿನತ್ತ ಹೊಗೆ ಹರಿಯುವ ಕಿಂಡಿಯನ್ನು ಅಗತ್ಯಕ್ಕೆ ತಕ್ಕಂತೆ ಕಿರಿದು ಹಿರಿದು ಮಾಡುವ ಬಗೆಯ ಟರ್ಬೊಗಳು 2000ದ ದಶಕದಲ್ಲಿ ಈ ಪಿಕಪ್‌ಗಳಿಗೆ ಬಂದವು. ಈ ತಂತ್ರ ಸಿದ್ಧಿಸಿದರೆ ಏನಾಗಬಲ್ಲುದೆಂಬುದನ್ನು 2002ರಲ್ಲಿ ಕ್ಯಾಲಿಫೋರ್ನಿಯಾದ ಗೇಲ್ ಬ್ಯಾಂಕ್ಸ್ ಅವರ ಸಂಸ್ಥೆ ತೋರಿಸಿಕೊಟ್ಟಿತು. 5.9 ಲೀಟರಿನ ಕಮಿನ್ಸ್ ಎಂಜಿನ್ ಹಾಗೂ ಇಂತಹ ಟರ್ಬೊ ಕೂರಿಸಿದ ಅವರ ಡಾಡ್ಜ್ ಡಕೋಟಾ ಪಿಕಪ್ಪು ತನ್ನ ಸಲಕರಣೆಗಳ ಟ್ರೇಲರನ್ನು ತಾನೇ ಎಳೆದುಕೊಂಡು ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿಗೆ ಹೋಗಿ, ಅಲ್ಲಿ ಗಂಟೆಗೆ 217 ಮೈಲಿ, ಅಂದರೆ ಸುಮಾರು 349 ಕಿಲೋಮೀಟರ್ ವೇಗದ ದಾಖಲೆ ನಿರ್ಮಿಸಿತು. ವೇಗಕ್ಕಿಂತಲೂ ಗಮನಾರ್ಹವಾದುದು, ಅದೇ ವಾಹನ ಭಾರ ಎಳೆಯುವ ಕೆಲಸಕ್ಕೂ ಯೋಗ್ಯವಾಗಿಯೇ ಉಳಿದಿತ್ತೆಂಬ ಸಂಗತಿ.

ಇಂಧನದ ಸರಪಳಿ

ಇಂಧನದ ಕಡೆ ಮೂರು ಕೊಂಡಿಗಳಿವೆ: ಟ್ಯಾಂಕಿನಿಂದ ಡೀಸೆಲ್ ಎತ್ತಿ ತರುವ ಲಿಫ್ಟ್ ಪಂಪು, ಅದನ್ನು ಅಧಿಕ ಒತ್ತಡಕ್ಕೇರಿಸುವ ಮುಖ್ಯ ಪಂಪು, ಸಿಲಿಂಡರಿಗೆ ಚಿಮ್ಮಿಸುವ ಇಂಜೆಕ್ಟರು. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ. ಒಂದನ್ನು ಮಾತ್ರ ಬಲಪಡಿಸಿದರೆ ಮುಂದಿನದು ಸೋಲುತ್ತದೆ.

1994ರಿಂದ 1998ರವರೆಗಿನ ಡಾಡ್ಜ್ ಪಿಕಪ್‌ಗಳಲ್ಲಿ ಬಾಷ್ ಸಂಸ್ಥೆಯ ಪಿ7100 ಎಂಬ, ಆರು ಪ್ಲಂಜರುಗಳನ್ನು ಸಾಲಾಗಿ ಜೋಡಿಸಿದ ಯಾಂತ್ರಿಕ ಪಂಪು ಇತ್ತು. ಭಾರಿ ಲಾರಿಗಳಿಗೆ ತಕ್ಕ ಈ ಪಂಪಿಗೆ ಪಿಕಪ್ಪು ಕೇಳುವುದಕ್ಕಿಂತ ಹೆಚ್ಚು ಇಂಧನ ಕೊಡುವ ಸಾಮರ್ಥ್ಯವಿತ್ತು. ಆ ಸಾಮರ್ಥ್ಯಕ್ಕೆ ಕಡಿವಾಣ ಹಾಕಿದ್ದು ಪಂಪಿನ ಗವರ್ನರಿನೊಳಗಿನ, ವಿಶಿಷ್ಟ ಆಕಾರಕ್ಕೆ ಕತ್ತರಿಸಿದ ಒಂದು ಪುಟ್ಟ ಉಕ್ಕಿನ ತಗಡು. ಆ ತಗಡಿನ ಅಂಚನ್ನು ಬೇರೆ ಬೇರೆ ಆಕಾರದಲ್ಲಿ ಅರೆದು ಮಾರಿದ ಸಣ್ಣ ತಯಾರಕರು ಅಮೆರಿಕದಲ್ಲಿ ಹಲವರು. ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿ ಅಂಗೈಯಗಲದ ಉಕ್ಕು. ಮಾರಿದ್ದು ಮಾತ್ರ ಅದರ ಅಂಚು ಹೇಗಿರಬೇಕೆಂಬ ತಿಳಿವಳಿಕೆ.

1998ರ ಮಧ್ಯದಲ್ಲಿ ಅದೇ ಎಂಜಿನ್ನಿಗೆ ವಿಪಿ44 ಎಂಬ ಎಲೆಕ್ಟ್ರಾನಿಕ್ ಹತೋಟಿಯ ಪಂಪು ಬಂದಿತು. ಅದರ ಭಾಗಗಳಿಗೆ ಜಾರುವಿಕೆಯನ್ನೂ ತಂಪನ್ನೂ ಕೊಡುತ್ತಿದ್ದುದು ಅದರ ಮೂಲಕ ಹರಿಯುವ ಡೀಸೆಲ್ಲೇ. ಎಂಜಿನ್ನಿನ ಬದಿಗೆ ಕೂರಿಸಿದ್ದ ಲಿಫ್ಟ್ ಪಂಪು ದುರ್ಬಲವಾದಾಗ ಇಂಧನದ ಒತ್ತಡ ಕುಸಿದು, ದುಬಾರಿಯಾದ ಮುಖ್ಯ ಪಂಪು ಸದ್ದಿಲ್ಲದೆ ಹಾಳಾಗುತ್ತಿತ್ತು. ವಾಹನದ ಮಾಲೀಕನಿಗೆ ಅದು ತಿಳಿಯುತ್ತಿದ್ದುದು ಗಾಡಿ ರಸ್ತೆಯಲ್ಲಿ ನಿಂತಾಗಲೇ. ಸಣ್ಣ ತಯಾರಕರು ಇಲ್ಲಿ ಎರಡು ವಸ್ತುಗಳನ್ನು ಕಂಡುಕೊಂಡರು: ಟ್ಯಾಂಕಿನ ಸಮೀಪ ಚಾಸಿಗೆ ಬಿಗಿಯುವ, ಫಿಲ್ಟರು ಹಾಗೂ ನೀರು ಬೇರ್ಪಡಿಸುವ ಸಾಧನಗಳಿರುವ ಬಲವಾದ ಲಿಫ್ಟ್ ಪಂಪು; ಮತ್ತು ಚಾಲಕನ ಕಣ್ಣೆದುರು ಇಂಧನದ ಒತ್ತಡ ತೋರಿಸುವ ಒಂದು ಗೇಜು. ಮುಂದೆ ಮೂಲ ತಯಾರಕರೇ ಲಿಫ್ಟ್ ಪಂಪನ್ನು ಟ್ಯಾಂಕಿನೊಳಕ್ಕೆ ಸ್ಥಳಾಂತರಿಸಿದರು.

2003ರಿಂದ ಡಾಡ್ಜ್ ಪಿಕಪ್‌ಗಳಿಗೂ ಕಾಮನ್ ರೈಲ್ ವ್ಯವಸ್ಥೆ ಬಂದು, ಇಂಧನದ ಒತ್ತಡ 1600 ಬಾರ್ ಮುಟ್ಟಿತು. ಅಲ್ಲಿಂದ ಈ ಕೆಲಸ ಸ್ಪ್ಯಾನರಿನಿಂದ ಸಾಫ್ಟ್‌ವೇರಿಗೆ ಸಾಗಿತು. ಇಂಧನವನ್ನು ಎಷ್ಟು ಹೊತ್ತು, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಚಿಮ್ಮಿಸಬೇಕೆಂಬುದನ್ನು ಗಣಕ ನಿರ್ಧರಿಸತೊಡಗಿದ್ದರಿಂದ, ಆ ಗಣಕದ ಅಂಕಿಗಳನ್ನು ತಿದ್ದುವ ಪುಟ್ಟ ಪೆಟ್ಟಿಗೆಗಳೇ ಮಾರುಕಟ್ಟೆಯ ಪ್ರಮುಖ ಸರಕಾದವು.

ದುರ್ಬಲ ಕೊಂಡಿಯೇ ಮಾರುಕಟ್ಟೆ

ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿಯಿದೆ. ಬಾಳಿಕೆಯ ವ್ಯಾಪಾರ ಹುಟ್ಟಿದ್ದು ಶಕ್ತಿ ಹೆಚ್ಚಿಸುವ ಭಾಗಗಳಿಂದ ಮಾತ್ರವಲ್ಲ. ಮೂಲ ವಿನ್ಯಾಸದ ದೌರ್ಬಲ್ಯವನ್ನು ಸರಿಪಡಿಸುವ ಭಾಗಗಳಿಂದಲೂ.

5.9 ಲೀಟರಿನ ಹಳೆಯ ಎಂಜಿನ್ನುಗಳಲ್ಲಿ, ಮುಂಭಾಗದ ಗೇರುಪೆಟ್ಟಿಗೆಯನ್ನು ಸರಿಯಾದ ಸ್ಥಾನದಲ್ಲಿ ಹಿಡಿಯಲು ಒಂದು ಸಣ್ಣ ಉಕ್ಕಿನ ಗೂಟ ಇತ್ತು. ವರ್ಷಗಳ ಅದುರುವಿಕೆಯಿಂದ ಅದು ಸಡಿಲಗೊಂಡು ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಇಡೀ ಎಂಜಿನ್ನೇ ಕೆಡುವ ಸಂಭವವಿತ್ತು. ಆ ಗೂಟ ಹೊರಬರದಂತೆ ಒಂದು ಬೋಲ್ಟಿನ ಕೆಳಗೆ ಸಿಕ್ಕಿಸುವ ಚಿಕ್ಕ ತಗಡಿನ ಕಿಟ್ಟನ್ನು ಸಣ್ಣ ತಯಾರಕರು ಮಾರಿದರು.

2003ರಲ್ಲಿ ಬಂದ ಫೋರ್ಡಿನ 6.0 ಲೀಟರ್ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಸುತ್ತ ಇದ್ದ ಹೆಡ್ ಬೋಲ್ಟುಗಳು ನಾಲ್ಕೇ. ಟರ್ಬೊ ಒತ್ತಡ ಹೆಚ್ಚಿದಾಗ ಅವು ಸಾಲದೆ ಹೆಡ್ ಗ್ಯಾಸ್ಕೆಟ್ಟುಗಳು ಹೋಗುತ್ತಿದ್ದವು. ಬೋಲ್ಟಿನ ಬದಲು ಉತ್ತಮ ಮಿಶ್ರಲೋಹದ ಸ್ಟಡ್‌ಗಳನ್ನು ಬಳಸುವ ಪರಿಹಾರ ರೂಢಿಗೆ ಬಂದಿತು. ಕ್ಯಾಲಿಫೋರ್ನಿಯಾದ ಎಆರ್‌ಪಿ ಎಂಬ, ಕೇವಲ ಬೋಲ್ಟು, ನಟ್ಟು, ಸ್ಟಡ್‌ಗಳನ್ನೇ ತಯಾರಿಸುವ ಸಂಸ್ಥೆಯ ಹೆಸರು ಡೀಸೆಲ್ ಮೆಕ್ಯಾನಿಕ್‌ಗಳ ಬಾಯಲ್ಲಿ ಮನೆಮಾತಾಯಿತು. ಬೋಲ್ಟು ನಟ್ಟಿನಂತಹ ಸಾಮಾನ್ಯ ಸರಕಿನಲ್ಲಿಯೂ ಗುಣಮಟ್ಟಕ್ಕೆ ಹೆಚ್ಚಿನ ಬೆಲೆ ಪಡೆಯಬಹುದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಅತ್ಯಂತ ಬೋಧಪ್ರದವಾದ ಪ್ರಸಂಗ ಸಿಪಿ4 ಪಂಪಿನದು. 2011ರ ಮಾದರಿಗಳಿಂದ ಡ್ಯುರಾಮ್ಯಾಕ್ಸ್ ಹಾಗೂ ಫೋರ್ಡ್ ಎಂಜಿನ್ನುಗಳಿಗೆ 2000 ಬಾರ್ ಒತ್ತಡದ ಸಿಪಿ4 ಬಂದಿತು. ಅಮೆರಿಕದ ಡೀಸೆಲ್ಲಿಗೆ ಜಾರುವ ಗುಣ ಯೂರೋಪಿನದಕ್ಕಿಂತ ಕಡಿಮೆ. ಯೂರೋಪಿನ ಮಾನಕದಲ್ಲಿ ಪರೀಕ್ಷೆಯ ಸವೆತದ ಗುರುತು 460 ಮೈಕ್ರಾನಿನೊಳಗೆ ಇರಬೇಕು. ಅಮೆರಿಕದಲ್ಲಿ 520ರವರೆಗೆ ಅವಕಾಶವಿದೆ. ಕೆಲವು ಪಂಪುಗಳೊಳಗೆ ರೋಲರು ತಿರುಚಿಕೊಂಡು ಲೋಹದ ಚೂರುಗಳೆದ್ದು, ಅವು ಇಂಜೆಕ್ಟರುಗಳವರೆಗೂ ಹರಡಿ, ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತಿತ್ತು. ಸಿಪಿ4 ತೆಗೆದು ಹಳೆಯ ಸಿಪಿ3 ಪಂಪನ್ನೇ ಕೂರಿಸುವ ಕಿಟ್ಟುಗಳನ್ನು ಸಣ್ಣ ತಯಾರಕರು ವರ್ಷಗಟ್ಟಲೆ ಮಾರಿದರು. 2021ರಲ್ಲಿ ರ್‍ಯಾಮ್ ಪಿಕಪ್‌ಗಳ ಮೂಲ ತಯಾರಕರೇ 2019 ಮತ್ತು 2020ರ ಮಾದರಿಯ ಎರಡು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಿ, ಸಿಪಿ4 ತೆಗೆದು ಸಿಪಿ3 ಅಳವಡಿಸಿದರು. ವರ್ಕ್‌ಶಾಪಿನ ತಿಳಿವಳಿಕೆಯನ್ನು ದೊಡ್ಡ ಕಾರ್ಖಾನೆಯೇ ಒಪ್ಪಿಕೊಂಡಂತಾಯಿತು.

ಅಡ್ಡದಾರಿಯ ಲಾಭ, ಅಡ್ಡದಾರಿಯ ನಷ್ಟ

ಇದೇ ಉದ್ದಿಮೆಗೆ ಇನ್ನೊಂದು ಮುಖವಿದೆ. 2007ರಿಂದ ಅಮೆರಿಕದ ಡೀಸೆಲ್ ಪಿಕಪ್‌ಗಳಿಗೆ ಮಸಿ ಹಿಡಿಯುವ ಫಿಲ್ಟರು ಬಂದಿತು. 2010ರ ನಿಯಮಗಳ ಬೆನ್ನಿಗೆ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸಲು ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ವ್ಯಾಪಕವಾಯಿತು. ಆರಂಭದ ವರ್ಷಗಳಲ್ಲಿ ಈ ಸಾಧನಗಳು ತೊಂದರೆ ಕೊಟ್ಟದ್ದುಂಟು. ಮೈಲೇಜು ಕುಗ್ಗಿದ ದೂರುಗಳೂ ಇದ್ದವು. ಇವುಗಳನ್ನು ಕಿತ್ತೆಸೆದು, ಗಣಕಕ್ಕೆ ಅದು ತಿಳಿಯದಂತೆ ಸಾಫ್ಟ್‌ವೇರ್ ತಿದ್ದಿದರೆ ಶಕ್ತಿಯೂ ಹೆಚ್ಚು, ಖರ್ಚೂ ಕಡಿಮೆ ಎಂಬ ಪ್ರಚಾರ ಹಬ್ಬಿತು. ಇಂತಹ ಕಿಟ್ಟುಗಳಿಗೆ ಬೇಡಿಕೆ ಭರದಿಂದ ಏರಿತು. ನಕ್ಷೆ ಓದಿ ಟರ್ಬೊ ಆರಿಸುವ ಶ್ರಮವಾಗಲಿ, ಪಂಪು ಇಂಜೆಕ್ಟರುಗಳ ಸಮತೋಲದ ಲೆಕ್ಕವಾಗಲಿ ಇದಕ್ಕೆ ಬೇಕಿರಲಿಲ್ಲ.

ಆದರೆ ಅಲ್ಲಿನ ಶುದ್ಧ ಗಾಳಿ ಕಾಯಿದೆ ವಾಹನದ ಹೊಗೆ ನಿಯಂತ್ರಣ ಸಾಧನಗಳನ್ನು ನಿಷ್ಕ್ರಿಯಗೊಳಿಸುವುದನ್ನೂ, ಅದಕ್ಕೆಂದೇ ಮಾಡಿದ ಭಾಗಗಳನ್ನು ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತ್ತು. ರೇಸಿಗೆ ಮಾತ್ರ ಎಂಬ ಚೀಟಿ ಅಂಟಿಸಿ ರಸ್ತೆಯ ವಾಹನಗಳಿಗೆ ಮಾರುವ ಜಾಣ್ಮೆ ಬಹುಕಾಲ ನಡೆಯಲಿಲ್ಲ. 2015ರಲ್ಲಿ ಯೂಟಾ ರಾಜ್ಯದ ಒಂದು ಸಂಸ್ಥೆ 10 ಲಕ್ಷ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು. ಹಿಂದಿನ ಸುಮಾರು ಒಂದು ದಶಕದಲ್ಲಿ 5 ಲಕ್ಷ 50 ಸಾವಿರಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಈ ಸಾಧನಗಳನ್ನು ತೆಗೆಯಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ನವೆಂಬರಿನಲ್ಲಿ ಅಂದಾಜು ಮಾಡಿತು. ಆ ವಾಹನಗಳ ಆಯುಷ್ಯದಲ್ಲಿ ಹೊರಬೀಳುವ ಹೆಚ್ಚುವರಿ ನೈಟ್ರೋಜನ್ ಆಕ್ಸೈಡು 5 ಲಕ್ಷ 70 ಸಾವಿರ ಟನ್ನಿಗೂ ಅಧಿಕ ಎಂಬುದು ಅದೇ ಅಂದಾಜು. 2020ರಿಂದ 2023ರವರೆಗೆ ನಡೆದ ವಿಶೇಷ ಅಭಿಯಾನದಲ್ಲಿ 170ಕ್ಕೂ ಹೆಚ್ಚು ಸಿವಿಲ್ ಪ್ರಕರಣಗಳು ಇತ್ಯರ್ಥವಾದವು. ದಂಡ ತೆತ್ತವರಲ್ಲಿ ದೊಡ್ಡ ಸಂಸ್ಥೆಗಳಷ್ಟೇ ಅಲ್ಲ, ಊರಿನ ಗ್ಯಾರೇಜುಗಳೂ ಇದ್ದವು.

ಆಡಳಿತ ಬದಲಾದಂತೆ ಕಾನೂನು ಜಾರಿಯ ಬಿಗಿ ಹೆಚ್ಚು ಕಡಿಮೆಯಾಗಬಹುದು. ಆದರೆ ಬಿಗಿ ಸಡಿಲವಾದ ಕಾಲವನ್ನೇ ನಂಬಿ ಬಂಡವಾಳ ಹೂಡಿದ ಉದ್ದಿಮೆ ಮುಂದಿನ ಬಿಗಿಯನ್ನು ತಾಳಲಾರದು. ನಿಯಮಕ್ಕೆ ಒಳಪಟ್ಟ ಲಿಫ್ಟ್ ಪಂಪು, ಸ್ಟಡ್ಡು, ಗೇಜು ತಯಾರಿಸಿದವರಿಗೆ ಇಂತಹ ಭಯವಿರಲಿಲ್ಲ.

ಪರೀಕ್ಷೆಯೆಂಬ ಬಂಡವಾಳ

ಟರ್ಬೊವನ್ನೂ ಇಂಧನದ ಅಂಕಿಗಳನ್ನೂ ಮುಟ್ಟಿದ ಮೇಲೆ ಹೊಗೆಯ ಗುಣ ಬದಲಾಗುವುದು ಸಹಜ. ಹಾಗಾದರೆ ಕಾನೂನಿಗೆ ಒಳಪಟ್ಟು ಈ ವ್ಯಾಪಾರ ಮಾಡುವುದು ಹೇಗೆ? ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಇದಕ್ಕೊಂದು ದಾರಿ ಮಾಡಿಕೊಟ್ಟಿದೆ. ಭಾಗವನ್ನು ಅಳವಡಿಸಿದ ವಾಹನವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಹೊಗೆ ಮಿತಿಯೊಳಗಿದೆಯೆಂದು ತೋರಿಸಿದ ತಯಾರಕನಿಗೆ ಮಂಡಳಿ ಒಂದು ಆದೇಶ ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯ ಚೀಟಿಯಿರುವ ಭಾಗವನ್ನು ನಿರ್ಭಯವಾಗಿ ಮಾರಬಹುದು. ಗ್ರಾಹಕನ ದೃಷ್ಟಿಯಲ್ಲಿಯೂ ಆ ಚೀಟಿಗೆ ಬೆಲೆಯಿದೆ.

ಪರೀಕ್ಷೆಯ ವೆಚ್ಚ ಮಾತ್ರ ಸಣ್ಣವರ ಕೈಗೆಟಕುವಂಥದಲ್ಲ. ಇಲ್ಲಿ ನೆರವಿಗೆ ಬಂದದ್ದು ವ್ಯಾಪಾರ ಸಂಘ. 1963ರಲ್ಲಿ ಸ್ಥಾಪನೆಯಾಗಿ, ಪ್ರತಿವರ್ಷ ಲಾಸ್ ವೇಗಾಸಿನಲ್ಲಿ ಬೃಹತ್ ಪ್ರದರ್ಶನ ನಡೆಸುವ ಸೀಮಾ ಎಂಬ ಬಿಡಿಭಾಗ ತಯಾರಕರ ಸಂಘ, 2014ರಲ್ಲಿ ಕ್ಯಾಲಿಫೋರ್ನಿಯಾದ ಡೈಮಂಡ್ ಬಾರಿನಲ್ಲಿ ಸದಸ್ಯರ ಉಪಯೋಗಕ್ಕೆಂದೇ ಒಂದು ಸಾಮೂಹಿಕ ಪರೀಕ್ಷಾ ಕೇಂದ್ರವನ್ನು ತೆರೆಯಿತು. 2022ರಲ್ಲಿ ಡೆಟ್ರಾಯಿಟ್ ಸಮೀಪ ಎರಡನೆಯದನ್ನು ಆರಂಭಿಸಿತು. ಹೊಗೆ ಪರೀಕ್ಷೆ, ವಾಹನದ ಅಳತೆಗಳ ಸ್ಕ್ಯಾನಿಂಗ್, ಅರ್ಜಿ ಸಲ್ಲಿಕೆಯ ಮಾರ್ಗದರ್ಶನ ಎಲ್ಲವೂ ಅಲ್ಲಿ ದೊರೆಯುತ್ತವೆ. ಒಬ್ಬೊಬ್ಬರಿಗೂ ಹೊರೆಯಾಗುವ ವೆಚ್ಚವನ್ನು ಸಂಘ ಹೊತ್ತುಕೊಂಡಾಗ ಅದು ಎಲ್ಲರ ಬಂಡವಾಳವಾಗುತ್ತದೆ.

ನಮ್ಮ ಉದ್ಯಮಿಗಳು ಗಮನಿಸಬೇಕಾದುದು

ಅಮೆರಿಕದ ಈ ಕಥೆ ನಮಗೆ ತೀರ ದೂರದ್ದಲ್ಲ. ಡಾಡ್ಜ್ ಪಿಕಪ್ಪಿಗೆ ಪ್ರಾಣ ಕೊಟ್ಟ ಅದೇ ಬಿ ಸರಣಿಯ ಎಂಜಿನ್ನುಗಳನ್ನು ಜಮ್‌ಷೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆ 1990ರ ದಶಕದಿಂದ ತಯಾರಿಸಿ ಟಾಟಾ ಲಾರಿಗಳಿಗೆ ಒದಗಿಸುತ್ತ ಬಂದಿದೆ. ಮೈಕೋ ಎಂಬ ಹೆಸರಿನಿಂದ ಪರಿಚಿತವಾಗಿದ್ದು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ದಶಕಗಳ ಕಾಲ ಡೀಸೆಲ್ ಇಂಧನ ಸಾಧನಗಳನ್ನು ತಯಾರಿಸಿತು. ಪೀಣ್ಯದ ಯಂತ್ರಶಾಲೆಗಳೂ ಬೆಳಗಾವಿಯ ಎರಕದ ಕಾರ್ಖಾನೆಗಳೂ ವಾಹನೋದ್ಯಮಕ್ಕೆ ಚಿರಪರಿಚಿತ. ಕೈಚಳಕದ ಕೊರತೆ ಇಲ್ಲಿಲ್ಲ.

ಆದರೆ ನಮ್ಮ ಕಾನೂನಿನ ಚೌಕಟ್ಟು ಬೇರೆ, ಅದು ಇನ್ನಷ್ಟು ಬಿಗಿ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಬದಲಾದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಟು ಮಾಡಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ತಯಾರಕರು ಹಾಗೂ ಮಾರಾಟಗಾರರು ತಪ್ಪೆಸಗಿದರೆ ಒಂದೊಂದು ವಾಹನಕ್ಕೂ ಲಕ್ಷ ರೂಪಾಯಿ ದಂಡಕ್ಕೆ ಅವಕಾಶವಿದೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್ 6 ಮಾನಕದ ಡೀಸೆಲ್ ವಾಹನಗಳಲ್ಲಿ ಮಸಿ ಫಿಲ್ಟರು ಮೊದಲಾದ ಸಾಧನಗಳು ನಮ್ಮಲ್ಲಿಗೂ ಬಂದಿವೆ. ಅವನ್ನು ತೆಗೆದು ಶಕ್ತಿ ಹೆಚ್ಚಿಸಿ ಕೊಡುತ್ತೇವೆನ್ನುವ ಆಮಿಷ ನಮ್ಮ ಗ್ಯಾರೇಜುಗಳನ್ನೂ ಕಾಡಬಹುದು. ಆ ದಾರಿ ಎಲ್ಲಿಗೆ ಒಯ್ಯುತ್ತದೆಂಬುದನ್ನು ಅಮೆರಿಕದ ಅನುಭವ ಆಗಲೇ ತೋರಿಸಿದೆ.

ಹಾಗೆಂದು ಅವಕಾಶಗಳಿಗೆ ಕೊರತೆಯಿಲ್ಲ. ರಸ್ತೆಯ ವಾಹನದ ಶಕ್ತಿಯನ್ನು ಹೆಚ್ಚಿಸಲು ಬಾರದಿದ್ದರೂ ಅದರ ದುರ್ಬಲ ಕೊಂಡಿಯನ್ನು ಮೂಲ ಅಳತೆಯಲ್ಲಿಯೇ, ಉತ್ತಮ ಲೋಹದಲ್ಲಿ, ನಿಖರವಾದ ಅರೆತದಲ್ಲಿ ತಯಾರಿಸಿಕೊಡಲು ಯಾವ ಅಡ್ಡಿಯೂ ಇಲ್ಲ. ನೀರು ಬೇರ್ಪಡಿಸುವ ಡೀಸೆಲ್ ಫಿಲ್ಟರು, ಟರ್ಬೊದ ಎಣ್ಣೆ ಕೊಳವೆ, ಇಂಟರ್‌ಕೂಲರಿನ ಹೋಸು, ಹೆಡ್ ಸ್ಟಡ್ಡು, ಒತ್ತಡ ಮತ್ತು ಶಾಖದ ಗೇಜು ಇಂತಹವು ದೊಡ್ಡ ಬಂಡವಾಳ ಬೇಡದ ವಸ್ತುಗಳು. ರಫ್ತಿನ ಮಾರುಕಟ್ಟೆಯೂ ತೆರೆದಿದೆ. ಅಮೆರಿಕದಲ್ಲಿ 1975ರ ವಾರಂಟಿ ಕಾಯಿದೆಯು, ಹೊರಗಿನ ಭಾಗ ಬಳಸಿದ ಒಂದೇ ಕಾರಣಕ್ಕೆ ವಾಹನದ ವಾರಂಟಿಯನ್ನು ನಿರಾಕರಿಸಲು ಮೂಲ ತಯಾರಕರಿಗೆ ಅವಕಾಶ ಕೊಡುವುದಿಲ್ಲ.

ಇದಕ್ಕೆ ಬೇಕಾದ ಮೊದಲ ಹೆಜ್ಜೆ, ಮೆಕ್ಯಾನಿಕ್‌ಗಳೊಂದಿಗೆ ಕುಳಿತು ಯಾವ ಭಾಗ ಎಲ್ಲಿ, ಏಕೆ ಸೋಲುತ್ತಿದೆಯೆಂಬ ದಾಖಲೆ ಇಡುವುದು. ಎರಡನೆಯದು, ಪರೀಕ್ಷೆಯಿಲ್ಲದೆ ಮಾರದಿರುವ ಶಿಸ್ತು. ಪುಣೆಯ ಎಆರ್‌ಎಐ, ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂತಹ ಕೇಂದ್ರಗಳು ನಮ್ಮಲ್ಲಿವೆ. ಸಣ್ಣ ಕೈಗಾರಿಕೆಗಳ ಸಮೂಹಗಳಿಗೆ ಸಾಮೂಹಿಕ ಸೌಲಭ್ಯ ಕೇಂದ್ರ ಸ್ಥಾಪಿಸಲು ಕೇಂದ್ರ ಸರ್ಕಾರದ ಯೋಜನೆಯೂ ಇದೆ. ಸಂಘಗಳು ಮುಂದಾದರೆ, ಡೈಮಂಡ್ ಬಾರಿನಲ್ಲಿ ಸಾಧ್ಯವಾದುದು ನಮ್ಮ ಕೈಗಾರಿಕಾ ವಸಾಹತುಗಳಲ್ಲಿಯೂ ಸಾಧ್ಯವಾಗದಿರಲು ಕಾರಣವಿಲ್ಲ.

ಗಾಳಿಗೆ ತಕ್ಕ ಇಂಧನ, ಇಂಧನಕ್ಕೆ ತಕ್ಕ ಗಾಳಿ ಎಂಬುದು ಡೀಸೆಲ್ ಎಂಜಿನ್ನಿನ ಮೂಲ ಸೂತ್ರ. ಲಾಭಕ್ಕೆ ತಕ್ಕ ಹೊಣೆ, ಹೊಣೆಗೆ ತಕ್ಕ ಲಾಭ ಎಂಬುದು ವ್ಯಾಪಾರದ ಸೂತ್ರ. ಸಮತೋಲ ತಪ್ಪಿದರೆ ಎರಡು ಕಡೆಯೂ ಉಳಿಯುವುದು ಹೊಗೆ ಮಾತ್ರ.